ಅಳಿಸಿದ ಎರಡು ಸಾಲು

ಕಡಿಮೆ ಜನ ಆಡುವ ಭಾಷೆಗಳ ಪದಪಟ್ಟಿ ತಿದ್ದುವುದು ನನ್ನ ಕೆಲಸ. ಎಕ್ಸೆಲ್ ಹಾಳೆಯಲ್ಲಿ ಪದ, ಅದರೆದುರು ಇಂಗ್ಲಿಷ್ ಅರ್ಥ. ಎರಡೆರಡು ಸಲ ಬಂದದ್ದನ್ನು ತೆಗೆದು, ಅಕ್ಷರ ಸರಿಮಾಡಿ ಮುಂದಕ್ಕೆ ಕಳಿಸಬೇಕು. ಸೇರಿದ ಹೊಸತರಲ್ಲಿ ಕೆಲಾಬಿತ್ ಭಾಷೆಯ ಹಾಳೆ ಬಂತು. ಮಲೇಷ್ಯಾದ ಸಾರವಾಕ್‌ನಲ್ಲಿ, ಸುಮಾರು 1000 ಮೀಟರ್ ಎತ್ತರದ ಬಾರಿಯೊ ಸುತ್ತಲಿನ ಬೆಟ್ಟದೂರುಗಳವರ ಮಾತು ಅದು. ಆಡುವವರು ಕೆಲವೇ ಸಾವಿರ.

‘ಪದೆ’, ‘ಬೆರ’, ‘ನುಬ’. ಮೂರರ ಎದುರೂ ‘ರೈಸ್’ ಎಂದಿತ್ತು. ಒಂದನ್ನು ಉಳಿಸಿ ಎರಡನ್ನು ಅಳಿಸಿಬಿಟ್ಟೆ.

ಸಂಜೆ ನಮ್ಮ ಮೇಡಂ ಹಾಳೆ ನೋಡಿ ಮೆಲ್ಲಗೆ ಕೇಳಿದರು: “ಊಟಕ್ಕೆ ಕೂತಾಗ ನಿಮ್ಮಮ್ಮ ಭತ್ತ ಬಡಿಸ್ತಾರಾ?”

ನಾನು ಗದ್ದೆ ಮಾಡುವ ಮನೆಯವನು. ಪದೆ ಅಂದರೆ ಭತ್ತ, ಬೆರ ಅಂದರೆ ಅಕ್ಕಿ, ನುಬ ಅಂದರೆ ಅನ್ನ. ಕೆಲಾಬಿತರೂ ನೀರು ಕಟ್ಟಿ ಗದ್ದೆ ಮಾಡುವವರೇ. ಬಾರಿಯೊ ಅಕ್ಕಿಗೆ ಸಾರವಾಕ್‌ನಲ್ಲೆಲ್ಲ ಹೆಸರಿದೆ. ಅನ್ನವನ್ನು ಮೆತ್ತಗೆ ಬೇಯಿಸಿ ಎಲೆಯಲ್ಲಿ ಸುತ್ತಿದರೆ ‘ನುಬ ಲಾಯ’. ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದ ವ್ಯತ್ಯಾಸವನ್ನು ಇಂಗ್ಲಿಷ್ ಕಾಲಂ ನಂಬಿ ಅಳಿಸಿದ್ದೆ. ಅದು ಈಗಲೂ ನೋಯಿಸುತ್ತದೆ.

ಇನ್ನೊಂದು ತಪ್ಪೂ ಆಗಿತ್ತು. ‘ನುಬ’ದ ಕೊನೆಯಲ್ಲಿ ಗಂಟಲು ಗಕ್ಕನೆ ಮುಚ್ಚಿಕೊಳ್ಳುವ ಸದ್ದಿದೆ. ರೋಮನ್ ಲಿಪಿಯಲ್ಲಿ ಅದನ್ನು ಉದ್ಧರಣ ಚಿಹ್ನೆಯಂಥ ಸಣ್ಣ ಗೆರೆಯಿಂದ ತೋರಿಸುತ್ತಾರೆ. ಕಸವೆಂದುಕೊಂಡು ಹಾಳೆಯಲ್ಲಿದ್ದ ಅಂಥ ಗೆರೆಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ತೆಗೆದಿದ್ದೆ. ಅದು ಅವರ ಅಕ್ಷರ. ಪುಣ್ಯಕ್ಕೆ ಮೂಲಪ್ರತಿ ಇತ್ತು. ಎರಡು ದಿನ ಕೂತು ಒಂದೊಂದೇ ವಾಪಸ್ ಹಾಕಿದೆ.

ಅಂದಿನಿಂದ ಯಾವ ಹಾಳೆ ಬಂದರೂ ಮೊದಲು ಪಕ್ಕದಲ್ಲೊಂದು ಕನ್ನಡ ಕಾಲಂ ಹಾಕಿಕೊಳ್ಳುತ್ತೇನೆ. ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಕೆಲಾಬಿತ್ ಹಾಳೆಗೂ ಹಾಗೇ ಮಾಡಿದೆ. ‘ತಿನ್ನು’ ಎಂಬರ್ಥದ ‘ಕುಮಾನ್’, ‘ಹೆಸರು’ ಎಂಬರ್ಥದ ‘ಙದನ್’ ಸಲೀಸಾಗಿ ಕೂತವು. ಮೊದಲ ಮಗು ಹುಟ್ಟಿದಾಗ ಅಪ್ಪ ಅಮ್ಮನೂ ಹೊಸ ಹೆಸರು ಇಟ್ಟುಕೊಳ್ಳುವ ಪದ್ಧತಿ ಅವರದು, ಅದಕ್ಕೆಂದೇ ಊರೂಟ ಹಾಕುತ್ತಾರೆ. ಹಾಗಾಗಿ ‘ಙದನ್’ ಎದುರು ಅದನ್ನೂ ಬರೆದಿಟ್ಟೆ.

‘ನಾವು’ ಬಂದಾಗ ಮಾತ್ರ ಕನ್ನಡವೂ ಸಾಲಲಿಲ್ಲ. ಅವರಲ್ಲಿ ಕೇಳುವವರನ್ನು ಸೇರಿಸಿಕೊಂಡರೆ ಒಂದು ಪದ, ಬಿಟ್ಟರೆ ಇನ್ನೊಂದು. ಈಗ ಆ ಸಾಲುಗಳಲ್ಲಿ ಹೀಗಿದೆ. ‘ತಾವುಹ್’: ನೀವೂ ಸೇರಿ ನಾವೆಲ್ಲ. ‘ಕಮಿಹ್’: ನಿಮ್ಮನ್ನು ಬಿಟ್ಟು ನಾವು.