ವಾರಪೂರ್ತಿ ಆಡಿದ್ದಾನೆ

"ನಿಮ್ಮ ಮಗ ಇವತ್ತು ಎಷ್ಟು ಹೊತ್ತು ಆಡಿದ?" ಅಂತ ಮಾವ ಕೇಳಿಯೇಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಆ ತಾಯಿ ತಿರುಗಿ ನೋಡಿದರು. ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ ಹೇಳಿದರು: "ಇವತ್ತು ಆಡಿಲ್ಲ. ವಾರಪೂರ್ತಿ ಆಡಿದ್ದಾನೆ."

ಇದು ಶನಿವಾರ ಸಂಜೆ ಒಂದು ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಡೆದ ಮಾತು. ಇವತ್ತು ಬುಧವಾರ. ಪಾತ್ರೆ ತೊಳೆಯುವಾಗ, ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಾಗ, ಆಫೀಸಿನ ಮೀಟಿಂಗಿನ ಮಧ್ಯೆ ಅದೇ ನೆನಪಾಗುತ್ತಿದೆ. ಬರೆದರೆ ಸ್ವಲ್ಪ ಸಮಾಧಾನ ಆದೀತು ಅಂತ ಕೂತಿದ್ದೇನೆ.

ನಾವಿರುವುದು ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ, ಕ್ಲೇರ್‌ಮಾಂಟ್ ಪಕ್ಕದಲ್ಲಿ. ಊರು ಚಿಕ್ಕದು, ಮರಗಳು ಜಾಸ್ತಿ, ಐದು ಡಿಗ್ರಿ ಕಾಲೇಜುಗಳು ಅಕ್ಕಪಕ್ಕದಲ್ಲೇ ಇವೆ. ಫೆಬ್ರವರಿಯಲ್ಲಿ ಮೌಂಟ್ ಬಾಲ್ಡಿಯ ಮೇಲೆ ಹಿಮ ಕಾಣುತ್ತದೆ, ಕೆಳಗೆ ಮನೆಗಳ ಅಂಗಳದಲ್ಲಿ ಕಿತ್ತಳೆ ಹಣ್ಣಾಗಿರುತ್ತದೆ. ಅದೇ ಹೊತ್ತಿಗೆ ಇಲ್ಲಿನ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಸೀಸನ್ ಕೊನೆಯ ಹಂತಕ್ಕೆ ಬರುತ್ತದೆ. ಟಿವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಗಳ ಆಟ ಬೇರೆ, ಇದು ಬೇರೆ. ಅಮೆರಿಕದ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ, ಇದು ಅದರ ಮೂರನೇ ಡಿವಿಷನ್. ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ, ನಿಯಮವೇ ಹಾಗಿದೆ. ಕ್ಲಾಸು, ಲ್ಯಾಬು ಮುಗಿಸಿಕೊಂಡು ಬಂದ ಹುಡುಗರು ಆಡುತ್ತಾರೆ.

ಇಂಥ ಕಾಲೇಜುಗಳ ಕೂಟವನ್ನು ಕಾನ್ಫರೆನ್ಸ್ ಅಂತಾರೆ, ಈ ಭಾಗದ್ದರ ಹೆಸರು ಸ್ಕೈಯಾಕ್. 1915ರಿಂದ ಇದೆ. ಒಂಬತ್ತು ತಂಡ. ಪ್ರತಿ ತಂಡವೂ ಉಳಿದ ಎಂಟರ ಜೊತೆ ಎರಡೆರಡು ಸಲ ಆಡಬೇಕು, ಒಂದು ಸಲ ನಮ್ಮಲ್ಲಿ, ಒಂದು ಸಲ ಅವರಲ್ಲಿ. ಅಲ್ಲಿಗೆ 16 ಪಂದ್ಯ. ಆಮೇಲೆ ಗೆಲುವು-ಸೋಲಿನ ಪಟ್ಟಿಯಲ್ಲಿ ಮೇಲಿರುವವರು ಕಾನ್ಫರೆನ್ಸ್ ಟೂರ್ನಿ ಆಡುತ್ತಾರೆ. ಅದನ್ನು ಗೆದ್ದವರಿಗೆ 64 ತಂಡಗಳ ರಾಷ್ಟ್ರೀಯ ಟೂರ್ನಿಯಲ್ಲಿ ಜಾಗ ಖಾತ್ರಿ. ಹಾಗಾಗಿ ಫೆಬ್ರವರಿಯ ಕೊನೆಯ ವಾರಗಳಲ್ಲಿ ಒಂದೊಂದು ಪಂದ್ಯಕ್ಕೂ ಬೆಲೆ. ನನಗೆ ಇಂಥದೇ ತಂಡ ಅಂತಿಲ್ಲ, ನನಗೆ ಪಟ್ಟಿ ಇಷ್ಟ. ಲಾ ವರ್ನ್ ತಂಡ ರೆಡ್‌ಲ್ಯಾಂಡ್ಸ್ ತಂಡವನ್ನು ಸೋಲಿಸಿದರೆ ಯಾರು ಮೇಲೆ ಬರುತ್ತಾರೆ, ವಿಟ್ಟಿಯರ್ ಒಂದು ಪಂದ್ಯ ಕೈಬಿಟ್ಟರೆ ಯಾರಿಗೆ ಲಾಭ, ಸಮಬಲವಾದರೆ ಯಾರು ಯಾರನ್ನು ಸೋಲಿಸಿದ್ದರು ಅಂತ ನೋಡಬೇಕು. ಈ ವರ್ಷವಂತೂ ಕೊನೆಯವರೆಗೂ ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಹೇಳೋಕೆ ಆಗದಷ್ಟು ಪೈಪೋಟಿ. ರಾತ್ರಿ ಮಲಗುವ ಮುಂಚೆ ಎಲ್ಲ ಊರುಗಳ ಸ್ಕೋರು ನೋಡಿಯೇ ಮಲಗುತ್ತೇನೆ.

ಮಾವ ಅಂದರೆ ನನ್ನ ಹೆಂಡತಿಯ ಸೋದರಮಾವ. ಅರಸೀಕೆರೆ ಕಡೆಯವರು, ಹೈಸ್ಕೂಲ್ ಹೆಡ್ ಮಾಸ್ಟರ್ ಆಗಿ ರಿಟೈರ್ ಆದವರು. ಮಗಳ ಬಾಣಂತನಕ್ಕೆ ಅಂತ ಅತ್ತೆ ಜೊತೆ ಬಂದಿದ್ದಾರೆ. ಮನೆಯಲ್ಲಿ ಕೂತು ಬೇಜಾರಾಗಿದೆ ಅಂದರು, ಕರೆದುಕೊಂಡು ಹೋದೆ. ಅವತ್ತು ಪೊಮೋನಾ–ಪಿಟ್ಜರ್ ಮತ್ತು ಕ್ಲೇರ್‌ಮಾಂಟ್–ಮಡ್–ಸ್ಕ್ರಿಪ್ಸ್ ನಡುವಿನ ಪಂದ್ಯ. ಅಕ್ಕಪಕ್ಕದ ಆ ಐದು ಕಾಲೇಜುಗಳಲ್ಲಿ ಎರಡು ಸೇರಿ ಒಂದು ತಂಡ, ಮೂರು ಸೇರಿ ಇನ್ನೊಂದು. ಇವೆರಡರ ನಡುವೆ ಇರುವುದು ಆರನೇ ಬೀದಿ ಒಂದೇ. ರಸ್ತೆ ದಾಟಿದರೆ ಎದುರಾಳಿ. ಎರಡೂ ಕಡೆಯ ಹುಡುಗರು ಒಂದೇ ಲೈಬ್ರರಿಯಲ್ಲಿ ಓದುತ್ತಾರೆ, ಒಬ್ಬರ ಕಾಲೇಜಿನ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂರುತ್ತಾರೆ, ಆದರೆ ಆ ರಾತ್ರಿ ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪಂದ್ಯ ನಡೆದ ರಾಬರ್ಟ್ಸ್ ಪೆವಿಲಿಯನ್ ತುಂಬಿತ್ತು. ಪೊಮೋನಾ ಕಡೆಯವರ ಗುರುತು ಸೇಜ್‌ಹೆನ್ ಅನ್ನೋ ಹಕ್ಕಿ, ಅವರ ಹುಡುಗರೆಲ್ಲ ಸೇರಿ "ಚಿರ್ಪ್ ಚಿರ್ಪ್" ಅಂತ ಕೂಗುತ್ತಿದ್ದರು. ಮಾವನಿಗೆ ಅದು ತುಂಬಾ ಹಿಡಿಸಿತು.

ನಾವು ಕೂತದ್ದು ಪೊಮೋನಾ ಬೆಂಚಿನ ಹಿಂದೆ. ನಮ್ಮ ಮುಂದೆ ಆ ತಾಯಿ. ಕೋಟಿನ ಮೇಲೆ ಅಂಗೈ ಅಗಲದ ಬ್ಯಾಡ್ಜು, ಅದರಲ್ಲಿ ಯೂನಿಫಾರ್ಮ್ ಹಾಕಿದ ಮಗನ ಫೋಟೋ. ಫ್ರೆಸ್ನೋದಿಂದ ಕಾರು ಓಡಿಸಿಕೊಂಡು ಬಂದಿದ್ದರಂತೆ. ನಾಲ್ಕು ಗಂಟೆಯ ದಾರಿ. ಮಾವ ಬ್ಯಾಡ್ಜು ನೋಡಿದರು, ಅಂಗಳ ನೋಡಿದರು, ಹುಡುಗ ಅಲ್ಲೆಲ್ಲೂ ಕಾಣಲಿಲ್ಲ. ಆಗ ಕೇಳಿದ್ದು ಆ ಪ್ರಶ್ನೆ.

ವಾರಪೂರ್ತಿ ಆಡಿದ್ದಾನೆ ಅಂದರೆ ಏನು ಅಂತ ಅವರೇ ವಿವರಿಸಿದರು. ಎದುರು ತಂಡದಲ್ಲಿ ಹನ್ನೊಂದನೇ ನಂಬರಿನ ಒಬ್ಬ ಗಾರ್ಡ್, ಅಂದರೆ ಚೆಂಡು ನಡೆಸುವ ಆಟಗಾರ ಇದ್ದಾನೆ, ಚುರುಕು. ಈ ವಾರ ಪ್ರಾಕ್ಟೀಸಿನಲ್ಲಿ ಆ ಹನ್ನೊಂದರ ಪಾತ್ರ ಇವರ ಮಗನದು. ಅವನ ಹಾಗೇ ಓಡಬೇಕು, ಅವನ ಹಾಗೇ ಎಡಕ್ಕೆ ನುಗ್ಗಬೇಕು, ಅವನು ಎಲ್ಲಿಂದ ಶೂಟ್ ಮಾಡುತ್ತಾನೋ ಅಲ್ಲಿಂದಲೇ ಮಾಡಬೇಕು. ಇವನ ಮೇಲೆ ಅಭ್ಯಾಸ ಮಾಡಿ ಮೊದಲ ಐವರು ಪಂದ್ಯಕ್ಕೆ ತಯಾರಾಗುತ್ತಾರೆ. ಅದಕ್ಕೆ ಸ್ಕೌಟ್ ಟೀಮ್ ಅಂತಾರೆ. ಪ್ರತಿ ವಾರ ಬೇರೆ ಕಾಲೇಜು, ಬೇರೆ ಪಾತ್ರ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ರಾತ್ರಿ ಕೂತು ಕಲಿಯುತ್ತಾನಂತೆ.

"ಟೈಮ್ ಔಟ್ ಬರಲಿ, ಅವನನ್ನೇ ನೋಡಿ" ಅಂದರು.

ನಾನು ಅಲ್ಲಿಂದ ಮುಂದೆ ಆಟ ನೋಡಿದ್ದು ಕಡಿಮೆ. ಬೆಂಚೇ ನೋಡಿದೆ. ಟೈಮ್ ಔಟ್ ಆದ ತಕ್ಷಣ ಈ ಹುಡುಗ ಎಲ್ಲರಿಗಿಂತ ಮುಂಚೆ ಎದ್ದು ನಿಲ್ಲುತ್ತಿದ್ದ. ಸ್ಟೂಲುಗಳನ್ನು ಎಳೆದು ಹಾಕುತ್ತಿದ್ದ, ನೀರು ಕೊಡುತ್ತಿದ್ದ. ಕೋಚ್ ಮಾತು ಮುಗಿದ ಮೇಲೆ ತಮ್ಮ ಗಾರ್ಡಿನ ಭುಜ ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದ. ಆಟ ಮತ್ತೆ ಶುರುವಾದಾಗ, ಎದುರು ತಂಡ ತಮ್ಮ ಪಟ್ಟು ಹಾಕುವ ಮುಂಚೆಯೇ ಇವನ ಎಡಗೈ ಮೇಲಕ್ಕೆ ಹೋಗುತ್ತಿತ್ತು. "ಲೆಫ್ಟ್! ಲೆಫ್ಟ್!" ಅಂತ ಕೂಗುತ್ತಿದ್ದ. ಕೂಗಿದ ಮರುಕ್ಷಣ ಹನ್ನೊಂದು ಎಡಕ್ಕೇ ತಿರುಗುತ್ತಿತ್ತು. ದ್ವಿತೀಯಾರ್ಧದಲ್ಲಿ ಒಮ್ಮೆ ಇವನ ಕೂಗು ಕೇಳಿಯೇ ಇವರ ಗಾರ್ಡ್ ಒಂದು ಹೆಜ್ಜೆ ಮುಂಚೆ ಅಲ್ಲಿಗೆ ಹೋಗಿ ನಿಂತ, ಚೆಂಡು ನೇರವಾಗಿ ಅವನ ಕೈಗೆ ಬಂತು. ಬೆಂಚಿನ ಹುಡುಗ ಎಗರಿಬಿಟ್ಟ. ಆ ತಾಯಿ ತಿರುಗಿ ನಮ್ಮನ್ನು ನೋಡಿದರು. ಏನೂ ಹೇಳಲಿಲ್ಲ, ಸುಮ್ನೆ ನೋಡಿದರು ಅಷ್ಟೆ.

ಸ್ಕೋರ್ ಶೀಟಿನಲ್ಲಿ ಆ ಚೆಂಡು ಕಿತ್ತುಕೊಂಡವನ ಹೆಸರಿದೆ. ಅದು ಸರಿಯೇ. ಆದರೆ ಮೇಲಕ್ಕೆ ಹೋದ ಆ ಎಡಗೈ ಮಾತ್ರ ನನ್ನ ಕಣ್ಣಿಂದ ಹೋಗುತ್ತಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಾವ ಶುರುಮಾಡಿದರು. "ಅಲ್ಲಪ್ಪಾ, ಸ್ಕಾಲರ್‌ಶಿಪ್ ಇಲ್ಲ. ಮುಂದೆ ಎನ್‌ಬಿಎ ಥರ ದುಡ್ಡಿನ ಲೀಗೂ ಇಲ್ಲ. ಅಂಗಳಕ್ಕೂ ಇಳಿಸಲ್ಲ. ನಾಲ್ಕು ವರ್ಷ ಕೂತ್ಕೊಂಡು ಆ ಹುಡುಗನಿಗೆ ಸಿಗೋದೇನು? ಸರ್ಟಿಫಿಕೇಟ್ ಏನಾದ್ರೂ ಕೊಡ್ತಾರಾ?"

ಮಾವ ಒಳ್ಳೆಯವರು. ಬಡ ಮಕ್ಕಳ ಪರೀಕ್ಷಾ ಫೀಸನ್ನು ತಾವೇ ಕಟ್ಟಿದ್ದಾರೆ, ಅದನ್ನು ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಆದರೆ ಈ ವಿಷಯದಲ್ಲಿ ಅವರು ಯೋಚಿಸುವ ರೀತಿ ನನಗೆ ಒಪ್ಪಿಗೆ ಇಲ್ಲ. ಅವರೊಬ್ಬರದೇ ಅಲ್ಲ, ನಮ್ಮ ಕಡೆಯ ಮುಕ್ಕಾಲು ಪಾಲು ಅಪ್ಪ ಅಮ್ಮಂದಿರದು ಇದೇ ಲೆಕ್ಕ. ಆಡಿದರೆ ಸ್ಪೋರ್ಟ್ಸ್ ಕೋಟಾ ಸೀಟು ಸಿಗಬೇಕು, ಇಲ್ಲ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ ಸಿಗಬೇಕು. ಎರಡೂ ಇಲ್ಲ ಅಂದರೆ ಹತ್ತನೇ ಕ್ಲಾಸಿಗೆ ಆಟ ಸಾಕು.

ನಾನು ಅವರಿಗೆ ನಿಕ್ಸನ್ ಕತೆ ಹೇಳಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಓದಿದ್ದು ಇದೇ ಸ್ಕೈಯಾಕ್‌ನ ವಿಟ್ಟಿಯರ್ ಕಾಲೇಜಿನಲ್ಲಿ, 1934ರಲ್ಲಿ ಡಿಗ್ರಿ ಮುಗಿಸಿದರು. ಫುಟ್‌ಬಾಲ್ ತಂಡದಲ್ಲಿದ್ದರು, ಆದರೆ ಹೆಚ್ಚು ಕಾಲ ಕೂತದ್ದು ಬೆಂಚಿನ ಮೇಲೆಯೇ. ಆ ತಂಡದ ಕೋಚ್ ವ್ಯಾಲೇಸ್ ನ್ಯೂಮನ್ ಬಗ್ಗೆ ಮಾತ್ರ ಕೊನೆಯವರೆಗೂ ಬಹಳ ಗೌರವ ಇಟ್ಟುಕೊಂಡಿದ್ದರು. ಮಾವ ಒಪ್ಪಲಿಲ್ಲ. "ಅಧ್ಯಕ್ಷ ಆದ ಅಂತ ತಾನೇ ನೀನು ಈಗ ಅವನ ಹೆಸರು ಹೇಳ್ತಿರೋದು" ಅಂದರು. ಆ ಮಾತು ನಿಜ. ಅಧ್ಯಕ್ಷರಾಗದೆ ಇದ್ದ ಬೆಂಚಿನ ಹುಡುಗರ ಬಗ್ಗೆಯೇ ನಾನು ಹೇಳಬೇಕಿತ್ತು.

ಅದನ್ನು ಇಲ್ಲಿ ಹೇಳುತ್ತೇನೆ. ಹಾಸನದಲ್ಲಿ ಡಿಗ್ರಿ ಓದುವಾಗ ನಾನೂ ಬಾಸ್ಕೆಟ್‌ಬಾಲ್ ಆಡಿದವನು. ನಮ್ಮ ಸೀಸನ್ ಹೇಗಿರುತ್ತಿತ್ತು ಗೊತ್ತಾ? ಇಂಟರ್ ಕಾಲೇಜ್ ಟೂರ್ನಮೆಂಟಿಗೆ ಸರ್ಕ್ಯುಲರ್ ಬಂದ ಮೇಲೆ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್ ನೋಟಿಸ್ ಹಾಕುತ್ತಿದ್ದರು. ವಾರದಲ್ಲಿ ತಂಡ ರೆಡಿ. ಟ್ರ್ಯಾಕ್ ಸೂಟ್, ಟಿ.ಎ., ಡಿ.ಎ., ಬೆಳಗಿನ ಬಸ್ಸು. ನಾಕೌಟ್ ಪಂದ್ಯ. ಬೆಳಗ್ಗೆ ಹತ್ತಕ್ಕೆ ಸೋತರೆ ಮಧ್ಯಾಹ್ನದ ಊಟಕ್ಕೆ ಮೊದಲು ಆ ವರ್ಷದ ಆಟ ಮುಗಿಯಿತು. ಸೋತ ತಪ್ಪನ್ನು ತಿದ್ದಿಕೊಳ್ಳೋಕೆ ಮುಂದಿನ ವಾರ ಅನ್ನೋದೇ ಇಲ್ಲ. ಅಂಥ ಕಡೆ ಬೆಂಚಿನ ಹುಡುಗನಿಗೆ ಯಾವ ಕೆಲಸ ಇರುತ್ತದೆ ಹೇಳಿ? ಎದುರಾಳಿ ಯಾರು ಅಂತ ಗೊತ್ತಾಗುವುದೇ ಅವತ್ತು ಬೆಳಗ್ಗೆ, ಡ್ರಾ ಎತ್ತಿದ ಮೇಲೆ. ಹನ್ನೊಂದನೇ ನಂಬರಿನವನು ಎಡಕ್ಕೆ ನುಗ್ಗುತ್ತಾನೋ ಬಲಕ್ಕೋ ಯಾರಿಗೆ ಗೊತ್ತು?

ಲೀಗ್ ಇದ್ದರೆ ಸೋತವನಿಗೂ ಮುಂದಿನ ಶನಿವಾರ ಪಂದ್ಯ ಇರುತ್ತದೆ. ಇದಕ್ಕೆ ಕ್ಯಾಲ್‌ಟೆಕ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವಿಜ್ಞಾನಕ್ಕೆ ಹೆಸರಾದ ಆ ಸಂಸ್ಥೆಯೂ ಸ್ಕೈಯಾಕ್‌ನಲ್ಲೇ ಆಡುತ್ತದೆ. 1985ರಿಂದ ಅವರು ಕಾನ್ಫರೆನ್ಸ್ ಪಂದ್ಯ ಒಂದನ್ನೂ ಗೆದ್ದಿರಲಿಲ್ಲ. ಸಾಲಾಗಿ 310 ಸೋಲು. 2011ರ ಫೆಬ್ರವರಿ 22ರಂದು, ಸೀಸನ್‌ನ ಕೊನೆಯ ಪಂದ್ಯದಲ್ಲಿ, ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿದರು. ರಯಾನ್ ಎಲ್ಮ್‌ಕ್ವಿಸ್ಟ್ ಅನ್ನೋ ಕಂಪ್ಯೂಟರ್ ಸೈನ್ಸ್ ಹುಡುಗ, 3.3 ಸೆಕೆಂಡ್ ಉಳಿದಿದ್ದಾಗ ಹಾಕಿದ ಫ್ರೀ ಥ್ರೋ ಗೆಲುವಿನ ಪಾಯಿಂಟ್. 310 ಸಲ ಸೋತರೂ ವೇಳಾಪಟ್ಟಿಯಿಂದ ಯಾರೂ ಅವರ ಹೆಸರು ತೆಗೆಯಲಿಲ್ಲ. ಅಷ್ಟೂ ವರ್ಷ ಹುಡುಗರು ಪ್ರತಿ ಸೀಸನ್ ಆಡಿದರು. ಆ ಹುಡುಗರನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಗ್ರೆಗ್ ಪೊಪೊವಿಚ್ ಕೂಡ ಇಲ್ಲಿಂದಲೇ ಹೋದವರು. ಸ್ಯಾನ್ ಆಂಟೋನಿಯೋ ಸ್ಪರ್ಸ್‌ಗೆ ಐದು ಎನ್‌ಬಿಎ ಪಟ್ಟ ಗೆದ್ದುಕೊಟ್ಟ ಕೋಚ್. 1979ರಲ್ಲಿ ಪೊಮೋನಾ–ಪಿಟ್ಜರ್‌ಗೆ ಬಂದಾಗ ಅವರ ಮೊದಲ ಸೀಸನ್‌ನಲ್ಲಿ ಎರಡೇ ಗೆಲುವು, 22 ಸೋಲು. ಆ ಸೋಲುಗಳಲ್ಲಿ ಒಂದು ಕ್ಯಾಲ್‌ಟೆಕ್ ಎದುರು! ನಮ್ಮ ಕಡೆ ಆಗಿದ್ದರೆ ಆಮೇಲೆ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಇಲ್ಲಿ ಮುಂದಿನ ವರ್ಷ ಇತ್ತು, ಅದರ ಮುಂದಿನ ವರ್ಷವೂ ಇತ್ತು. 1986ರಲ್ಲಿ ಕಾನ್ಫರೆನ್ಸ್ ಗೆದ್ದರು, ಆ ಕಾಲೇಜಿಗೆ 68 ವರ್ಷಗಳ ನಂತರ ಬಂದ ಪಟ್ಟ.

ರೆಡ್‌ಲ್ಯಾಂಡ್ಸ್‌ನವರದು ಇನ್ನೂ ಚೆಂದ. 2004–05ರ ಸೀಸನ್‌ನಲ್ಲಿ ಅವರು ಪಂದ್ಯಕ್ಕೆ ಸರಾಸರಿ 132 ಪಾಯಿಂಟ್ ಹಾಕಿದರು. ಅಷ್ಟು ಓಡಬೇಕಾದರೆ ಐದು ಜನ ಸಾಲುವುದಿಲ್ಲ. ಹಾಗಾಗಿ ಐದೈದು ಜನರನ್ನು ಒಟ್ಟೊಟ್ಟಿಗೆ ಬದಲಾಯಿಸುತ್ತಾ ಆಡುತ್ತಿದ್ದರು. ಬೆಂಚಿನವರಿಗೆ ಕೂರೋಕೆ ಪುರುಸೊತ್ತೇ ಇರುತ್ತಿರಲಿಲ್ಲ.

ದುಡ್ಡಿದೆ, ಆಡುತ್ತಾರೆ ಅಂತ ಮಾವ ಅಂದರು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಈ ಕಾಲೇಜುಗಳ ಜಿಮ್ ನೋಡಿದರೆ ಗೊತ್ತಾಗುತ್ತದೆ. ಆದರೆ ಒಂದು ಲೀಗ್ ನಡೆಸೋಕೆ ಆ ಜಿಮ್ ಬೇಕಾ? ಬೇಕಾಗಿರುವುದು ಒಂದು ಅಂಗಳ, ಒಂದು ಬಸ್ಸು, ಇಬ್ಬರು ರೆಫರಿ, ಬದಲಾಗದ ಒಂದು ವೇಳಾಪಟ್ಟಿ. ಸ್ಕೈಯಾಕ್ ತಂಡಗಳು ಸಂಜೆ ಬಸ್ಸು ಹತ್ತಿ, ಆಡಿ, ರಾತ್ರಿಗೆ ವಾಪಸ್ ಹಾಸ್ಟೆಲ್ಲಿಗೆ ಬರುತ್ತವೆ, ಅಷ್ಟು ಹತ್ತಿರ. ನಮ್ಮ ಹಾಸನ ಜಿಲ್ಲೆಯನ್ನೇ ನೋಡಿ. ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರ, ಹೊಳೆನರಸೀಪುರ, ಎಲ್ಲವೂ ಹಾಸನದಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಎಲ್ಲ ಕಡೆ ಡಿಗ್ರಿ ಕಾಲೇಜಿದೆ. ಪ್ರತಿ ಶನಿವಾರ ಮಧ್ಯಾಹ್ನ ಒಂದು ಪಂದ್ಯ. ಬಾಸ್ಕೆಟ್‌ಬಾಲೇ ಆಗಬೇಕು ಅಂತಿಲ್ಲ, ವಾಲಿಬಾಲ್ ಆಗಲಿ, ಕಬಡ್ಡಿ ಆಗಲಿ. ಬೇಲೂರಿನ ಹುಡುಗರು ಈ ವಾರ ಹೀಗೆ ಆಡುತ್ತಾರೆ ಅಂತ ಅಭ್ಯಾಸ ಮಾಡುವ ಒಬ್ಬ ಬೆಂಚಿನ ಹುಡುಗ ಸಕಲೇಶಪುರದಲ್ಲಿ ತಯಾರಾಗಲಿ. ಅವನ ಅಮ್ಮ ಬಸ್ಸು ಹತ್ತಿಕೊಂಡು ಬಂದು ನೋಡಲಿ.

ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾವ ಅವರಾಗಿಯೇ ಕೇಳಿದರು: "ಆ ಹುಡುಗ ಮುಂದಿನ ವಾರ ಯಾರ ಪಾತ್ರ ಮಾಡ್ತಾನೆ?" ಪಟ್ಟಿ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎಲ್ಲ ಊರುಗಳ ಹೆಸರನ್ನೂ ಓದಿದರು. ಅವರ ಅಭಿಪ್ರಾಯ ಬದಲಾಗಿದೆ ಅಂತ ನಾನು ಹೇಳುತ್ತಿಲ್ಲ. ಸರ್ಟಿಫಿಕೇಟ್ ಕೊಡಬೇಕು ಅಂತ ಈಗಲೂ ಅನ್ನುತ್ತಾರೆ.

ನನ್ನ ಜೊತೆ ಆಡುತ್ತಿದ್ದ ಗೆಳೆಯನೊಬ್ಬ ಈಗ ನಮ್ಮ ಜಿಲ್ಲೆಯಲ್ಲೇ ಒಂದು ಕಾಲೇಜಿನ ಪಿ.ಡಿ. ಸೋಮವಾರ ಅವನಿಗೆ ಸ್ಕೈಯಾಕ್ ವೇಳಾಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿ, ನಾಲ್ಕು ಕಾಲೇಜು ಸೇರಿಸಿ ಶುರು ಮಾಡೋಕೆ ಆಗುತ್ತಾ ಅಂತ ಕೇಳಿದೆ. "ಹುಡುಗರು ಬರ್ತಾರೆ, ಅಂಗಳನೂ ಇದೆ. ರೆಫರಿ ಫೀಸು, ಬಸ್ ಚಾರ್ಜು ಯಾರು ಕೊಡ್ತಾರೆ?" ಅಂತ ಉತ್ತರ ಬಂತು. ಎಷ್ಟಾಗುತ್ತೆ ಲೆಕ್ಕ ಹಾಕಿ ಕಳಿಸು ಅಂದಿದ್ದೇನೆ. ಈ ವಾರದೊಳಗೆ ಕಳಿಸುತ್ತಾನಂತೆ.