ಊಟದ ಗಡಿಬಿಡಿಯಲ್ಲಿ ಉಳಿದುಹೋದ ಪ್ರಶ್ನೆ

ಶನಿವಾರ, 7 ಜೂನ್ 2025
ತೀರ್ಥಹಳ್ಳಿ

ಇವತ್ತು ಶಿವಮೊಗ್ಗದಲ್ಲಿ ಅಡಿಕೆಯ ಕೊಳೆರೋಗ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವುದು), ಎಲೆಚುಕ್ಕಿ ಎರಡರ ಬಗ್ಗೆಯೂ ಒಂದು ಕಾರ್ಯಾಗಾರ ಇತ್ತು. ಈ ಸಲ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ತಿಂಗಳು ಮುಗಿಯುವುದರೊಳಗೆ ನಮ್ಮ ತೋಟಕ್ಕೂ ಇಳಿದಿತ್ತು. ಮಳೆ ಹಿಡಿಯುವ ಮೊದಲೇ ಹೊಡೆಯಬೇಕಾದ ಮೊದಲ ಔಷಧಿ ಹೊಡೆಯಲಾಗದೆ ಕೈಕಟ್ಟಿ ಕೂತವರು ನಮ್ಮ ಕಡೆ ಬೇಕಷ್ಟು ಜನ. ಸಭಾಂಗಣ ತುಂಬಿದ್ದಕ್ಕೆ ಅದೇ ಕಾರಣ ಇರಬೇಕು.

ನಾನು ಇಂಥ ಕಡೆ ಹೋದಾಗ ಕೇಳಿದ್ದನ್ನು ಅಲ್ಲಿಂದಲೇ ಫೇಸ್‌ಬುಕ್‌ಗೆ, ಎಕ್ಸ್‌ಗೆ ಹಾಕುವುದು ಗೊತ್ತಿದ್ದವರಿಗೆ ಗೊತ್ತು. ದೀಪ ಬೆಳಗುವ ಫೋಟೊ, ಶಾಲು ಹೊದೆಸುವ ಫೋಟೊ ಹಾಕುವುದಿಲ್ಲ. ಅದಕ್ಕೆ ಲೈಕೇನೋ ಧಾರಾಳ ಬೀಳುತ್ತದೆ, ಆದರೆ ಅದನ್ನು ನೋಡಿ ಮಾತಿಗೆ ಬಂದವರನ್ನು ನಾನಂತೂ ಕಂಡಿಲ್ಲ. ಲೈವ್ ವಿಡಿಯೊ ಕೂಡ ಬೇಡ ಅನ್ನುವವ ನಾನು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಮಲಗುತ್ತದೆ, ವಿಡಿಯೊ ಸುತ್ತುತ್ತಲೇ ಇರುತ್ತದೆ. ನಾಲ್ಕು ಸಾಲು ಬರಹವಾದರೆ ಗುಡ್ಡದ ಮೇಲೆ ಒಂದು ಕಡ್ಡಿ ಸಿಗ್ನಲ್ ಸಿಕ್ಕಾಗಲೂ ತೆರೆದುಕೊಳ್ಳುತ್ತದೆ.

ಎಕ್ಸ್‌ನಲ್ಲಿ ಒಂದು ತಾಪತ್ರಯ. 2017ರಲ್ಲಿ ಒಂದು ಪೋಸ್ಟಿನ ಅಕ್ಷರಗಳ ಮಿತಿಯನ್ನು 140ರಿಂದ 280ಕ್ಕೆ ಏರಿಸಿದರು, ನಿಜ. ಆದರೆ ಅದು ಕನ್ನಡದ ಗುಣಿತ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಶಿವಮೊಗ್ಗ’ ಅಂತ ಊರ ಹೆಸರು ಬರೆದರೇ ಎಂಟು ಖರ್ಚು. ಹಾಗಾಗಿ ಉದ್ದದ ವಿವರಣೆ ಫೇಸ್‌ಬುಕ್‌ಗೆ, ಎಕ್ಸ್‌ಗೆ ಒಂದೇ ಒಂದು ವಿಷಯ.

ಬೆಳಗಿನ ಭಾಷಣದಲ್ಲಿ ನನಗೆ ಹಾಕಲೇಬೇಕು ಅನ್ನಿಸಿದ್ದು ಒಂದು ಮಾತು. ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ. ಕೊಳೆ ತರುವ ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ ನೋಡಲು ಶಿಲೀಂಧ್ರದ ಹಾಗಿದ್ದರೂ ಅದರ ಜಾತಿಯೇ ಬೇರೆ. ಎಲೆಚುಕ್ಕಿಗೆ ಅಂತ ಹೊಡೆದ ಪ್ರೊಪಿಕೊನಜೋಲ್ ಕೊಳೆಗೆ ನಾಟುವುದಿಲ್ಲ. ‘ಹೇಗೂ ಒಂದು ಔಷಧಿ ಹೊಡೆದಾಗಿದೆಯಲ್ಲ’ ಅಂತ ಕೊಳೆಗೆ ಹೊಡೆಯುವ ಬೋರ್ಡೊ ದ್ರಾವಣ ಬಿಟ್ಟವರು ನಮ್ಮ ಪಕ್ಕದಲ್ಲೇ ಇದ್ದಾರೆ. ಬರೆದೆ, ಕಳಿಸುವ ಮೊದಲು ಚಹಾದ ಹೊತ್ತಿಗೆ ಭಾಷಣ ಮಾಡಿದ ವಿಜ್ಞಾನಿಗಳಿಗೇ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಓದಿ, “ಸರಿ ಇದೆ. ಆದ್ರೆ ಆ ಮೂರನೇ ಸ್ಲೈಡ್ ಹಾಕ್ಬೇಡಿ ಮಾರಾಯ್ರೇ, ಪ್ರಯೋಗ ಇನ್ನೂ ನಡೀತಾ ಇದೆ” ಅಂದರು. ಆ ಫೋಟೊ ಅಳಿಸಿದೆ. ಇಂಥಲ್ಲಿ ಹಟ ಮಾಡಿದರೆ ಮುಂದಿನ ಸಲ ಅವರು ನಮ್ಮೆದುರು ಬಾಯಿ ಬಿಡುವುದಿಲ್ಲ. ಔಷಧಿಯ ಪ್ರಮಾಣ ಇರುವ ಸ್ಲೈಡನ್ನಂತೂ ಹಿಂದಿನ ಸಾಲಿನಿಂದ, ಯಾರದೋ ತಲೆಯ ಮೇಲಿಂದ ತೆಗೆದು ಹಾಕಲೇಬಾರದು. ಮಿಲಿಯೋ ಲೀಟರೋ ಕಾಣದ ಫೋಟೊ ಹತ್ತು ಗ್ರೂಪು ಸುತ್ತಿ ಬರುವ ಹೊತ್ತಿಗೆ ಯಾರದಾದರೂ ತೋಟ ಸುಟ್ಟಿರುತ್ತದೆ.

ಆಮೇಲೆ ಹೊರಗೆ ಅಂಗಳದಲ್ಲಿ ಬೋರ್ಡೊ ತಯಾರಿ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರಿಗೆ ಒಂದು ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸಿದರು. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಇದು, ಆದರೂ ಎಲ್ಲರೂ ಕತ್ತು ಚಾಚಿ ನಿಂತಿದ್ದರು. ಕೊನೆಗೆ ಉಜ್ಜಿ ತೊಳೆದ ಒಂದು ಕಬ್ಬಿಣದ ಚೂರಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ತುದಿಗೆ ತಾಮ್ರದ ಕೆಂಪು ಹತ್ತಿತ್ತು. ಅಂದರೆ ಸುಣ್ಣ ಸಾಲದು. ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿದಾಗ ಚೂರಿ ಇದ್ದ ಹಾಗೇ ಬಂತು. ಎರಡು ಚೂರಿಯ ಫೋಟೊವನ್ನೂ ಅಕ್ಕಪಕ್ಕ ಹಾಕಿದೆ. ಕೆಳಗೆ ಯಾರೋ ‘ಇದೆಲ್ಲ ಈಗಿನ ಕಂಪನಿಯವರ ಕಂಡುಹಿಡಿತ’ ಅಂತ ಬರೆದರು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ಮೇಲೆ ವರದಿ ಬರೆದದ್ದನ್ನೂ, ಬೋರ್ಡೊ ಹೊಡೆಯಲು ನಮ್ಮವರಿಗೆ ಹೇಳಿಕೊಟ್ಟವರಲ್ಲಿ ಅವರೇ ಮೊದಲಿಗರು ಅನ್ನುವುದನ್ನೂ ಬರೆದೆ. ಅದಕ್ಕೆ ಇನ್ನೊಬ್ಬರು ತಮ್ಮ ಅಜ್ಜ ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಕಥೆ ಹೇಳಿದರು. ವಾದ ಆಗಬೇಕಾದಲ್ಲಿ ಹರಟೆ ಆಯಿತು, ಒಳ್ಳೆಯದೇ.

ಆದರೆ ಇವತ್ತು ಜನರನ್ನು ಜೋಡಿಸಿದ್ದು ಇದ್ಯಾವುದೂ ಅಲ್ಲ. ಊಟಕ್ಕೆ ಮೊದಲು ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು: “ಸ್ವಾಮಿ, ಮಳೆ ಬಿಡೂದೇ ಇಲ್ಲ. ಔಷಧಿ ಹೊಡೆದ ಮ್ಯಾಲೆ ಎಷ್ಟು ಹೊತ್ತು ಹೊಳವಾದ್ರೆ ಸಾಕು? ರಾಳ ಹಾಕಿದ್ರೆ ಅದು ಕಮ್ಮಿ ಆಗ್ತದಾ?” (ಹೊಳವು ಅಂದರೆ ಮಳೆಯ ನಡುವಿನ ಬಿಡುವು; ರಾಳ ಅಂದರೆ ಔಷಧಿ ಗೊನೆಗೆ ಅಂಟಿಕೊಳ್ಳಲಿ ಅಂತ ಬೆರೆಸುವ ಅಂಟು.) ಅಷ್ಟರಲ್ಲಿ ನಿರೂಪಕರು ಮೈಕು ತೆಗೆದುಕೊಂಡು ಊಟಕ್ಕೆ ಏಳಿ ಅಂದುಬಿಟ್ಟರು. ಸಭೆಯ ಅತ್ಯುತ್ತಮ ಪ್ರಶ್ನೆ ಪಾಯಸದ ವಾಸನೆಗೆ ತೇಲಿಹೋಯಿತು. ನಾನು ಅವರ ಒಪ್ಪಿಗೆ ಕೇಳಿ, ಹೆಸರು ಹಾಕದೆ, ಪ್ರಶ್ನೆಯನ್ನು ಅವರ ಮಾತಲ್ಲೇ ಬರೆದು ‘ಉತ್ತರ ಸಿಕ್ಕಿಲ್ಲ, ಗೊತ್ತಿದ್ದವರು ಹೇಳಿ’ ಅಂತ ಹಾಕಿದೆ.

ಊಟ ಮುಗಿಸಿ ಕೈ ತೊಳೆದು ನೋಡುವಷ್ಟರಲ್ಲಿ ಮಾತು ಶುರುವಾಗಿತ್ತು. ಕೊಪ್ಪದ ಬೆಳೆಗಾರರೊಬ್ಬರು ರಾಳ ಬಿಟ್ಟರೆ ಆಗುವುದೇ ಇಲ್ಲ ಅಂದರು. ಶಿರಸಿ ಕಡೆಯವರೊಬ್ಬರು ರಾಳ ಬೇಡ, ಅಂಗಡಿಯ ಅಂಟೇ ಸಾಕು ಅಂದರು. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: ಎಷ್ಟು ನೀರಿಗೆ ಎಷ್ಟು, ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂತು? ಆಮೇಲೆ ಅವರಿಬ್ಬರೇ ಮಾತಾಡಿಕೊಂಡರು, ನಾನು ಬದಿಗೆ ಸರಿದೆ. ನಡುವೆ ಒಬ್ಬ ಹುಡುಗ, ಕಾರ್ಬನ್ ಫೈಬರ್ ದೋಟಿಯಲ್ಲಿ ಔಷಧಿ ಹೊಡೆಯುವ ತಂಡ ನಡೆಸುವವನು, ನೆಲದಿಂದಲೇ ಹೊಡೆಯುವುದರಿಂದ ಸಣ್ಣ ಹೊಳವು ಸಿಕ್ಕರೂ ಒಂದಷ್ಟು ಮರ ಮುಗಿಸಬಹುದು, ಮರ ಹತ್ತುವ ಕೊನೆಗೌಡರಿಗೆ ಒದ್ದೆ ಮರದಲ್ಲಿ ಅದು ಆಗದು ಅಂತ ಬರೆದ. ನಮ್ಮ ಕೆಳಮನೆಯವರು ಮರ ಹತ್ತುವವರಿಲ್ಲದೆ ವಾರದಿಂದ ಪರದಾಡುತ್ತಿದ್ದರು. ಅವನ ನಂಬರನ್ನು ಎಲ್ಲರೆದುರು ಕೇಳದೆ ಮೆಸೆಂಜರಿನಲ್ಲಿ ಕೇಳಿ ಅವರಿಗೆ ದಾಟಿಸಿದೆ. ಸಂಜೆ ಬಸ್ಸಿನಲ್ಲಿ ಮಂಡಗದ್ದೆ ದಾಟುವಾಗ ಫೋನ್ ಬಂತು, ಹೊಳವು ಸಿಕ್ಕ ದಿನ ಬರುತ್ತಾನಂತೆ.

ವಿದ್ವಾಂಸರ ಉತ್ತರ ಹಂಚಿದರೆ ಜನ ಓದಿ ಮುಂದೆ ಹೋಗುತ್ತಾರೆ. ಉತ್ತರ ಸಿಗದ ಪ್ರಶ್ನೆ ಹಂಚಿದರೆ ನಿಲ್ಲುತ್ತಾರೆ, ಯಾಕಂದರೆ ಅಲ್ಲಿ ಅವರಿಗೂ ಹೇಳಲು ಒಂದಿಷ್ಟು ಜಾಗ ಇರುತ್ತದೆ. ಹಾಗಂತ ಪ್ರಶ್ನೆ ಎಸೆದು ಸುಮ್ಮನಾದರೆ ಜಗಳ ಮಾತ್ರ ಉಳಿಯುತ್ತದೆ, ಹೇಳಿದ್ದನ್ನೆಲ್ಲ ಜೋಡಿಸಿ ಕೊಡುವ ಕೆಲಸವೂ ಪ್ರಶ್ನೆ ಹಾಕಿದವರದ್ದೇ. ಈಗ ಬಂದ ಲೆಕ್ಕಗಳನ್ನೆಲ್ಲ ಊರು, ಮಳೆ, ಅಂಟು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಸೋಮವಾರ ಹನ್ನೊಂದರ ಮೇಲೆ ಫೋನ್ ಮಾಡಿ ಅಂತ ವಿಜ್ಞಾನಿಗಳು ಹೇಳಿದ್ದಾರೆ. ಅವರ ಮುಂದಿಟ್ಟು, ಏನು ಹೇಳುತ್ತಾರೋ ಅದನ್ನು ಅದೇ ಪೋಸ್ಟಿನ ಕೆಳಗೆ ಹಾಕುತ್ತೇನೆ. ಫೇಸ್‌ಬುಕ್ ಇಲ್ಲದ ಆ ಹಿರಿಯರಿಗೆ ಅವರ ಮೊಮ್ಮಗಳ ವಾಟ್ಸಾಪಿಗೆ ಆಡಿಯೊ ಕಳಿಸಬೇಕು.