ಮೇಲಿನಮನೆಯ ಹೆಪ್ಪು

ಜುಲೈ 13, 2025, ಭಾನುವಾರ
ಶಿರಸಿ, ರಾತ್ರಿ 10:40

ಊರಿಂದ ಬಂದು ಮೂರು ತಾಸಾಯಿತು. ಒದ್ದೆ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ. ಮಗ ಮಾಣಿ ಮಲಗಿದ್ದಾನೆ. ಉಂಬಳ (ಜಿಗಣೆ) ಕಚ್ಚಿದ ಜಾಗ ನಿದ್ದೆಯಲ್ಲೂ ತುರಿಸುತ್ತದೆ ಅನ್ನಿಸುತ್ತದೆ, ಒಂದು ಕಾಲಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಲೇ ಇದ್ದಾನೆ. ನನಗೆ ನಿದ್ದೆ ಬರುತ್ತಿಲ್ಲ.

ನಡೆದದ್ದು ದೊಡ್ಡ ಸಂಗತಿ ಏನಲ್ಲ. ನನ್ನ ಅಮ್ಮ, ಆಯಿ, ಅವನನ್ನು ಮೇಲಿನಮನೆಗೆ ಹೆಪ್ಪು ತರಲು ಕಳಿಸಿದಳು, ಅಷ್ಟೇ.

ಶುಕ್ರವಾರ ಮಳೆ ಸ್ವಲ್ಪ ಹೊಳವಾಗಿತ್ತು ಅಂತ ಅಪ್ಪಯ್ಯ ನಿನ್ನೆ ಅಡಿಕೆ ಮರ ಹತ್ತುವ ಕೊನೆಗೌಡನನ್ನು ಕರೆಸಿ ಕೊಳೆರೋಗದ ಔಷಧಿ ಹೊಡೆಸಿದ್ದಾರೆ. ಕೆಲಸದವರಿಗೆಲ್ಲ ಮಜ್ಜಿಗೆ ಮಾಡಿಕೊಡುವ ಗಡಿಬಿಡಿಯಲ್ಲಿ ಆಯಿ ಹೆಪ್ಪಿಗೂ ಮೊಸರು ಉಳಿಸಿರಲಿಲ್ಲ. ಆಯಿ ಹೆಪ್ಪಿಗೆ ಇಡಲು ಮರೆತದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು. ಅದು ನನಗೆ ಆಗ ಹೊಳೆಯಲಿಲ್ಲ. ಈಗ ಬರೆಯುತ್ತಿರುವಾಗ ಹೊಳೆಯುತ್ತಿದೆ.

"ಮಾಣಿ, ಮೇಲಿನಮನೆ ದೊಡ್ಡಮ್ಮನ ಹತ್ರ ಒಂಚೂರು ಹೆಪ್ಪು ಇಸ್ಕಂಡು ಬಾ" ಅಂತ ಆಯಿ ಗಿಂಡಿ ಅವನ ಕೈಗೆ ಕೊಟ್ಟೇಬಿಟ್ಟಳು. ನಾನು ದೋಸೆ ಎರೆಯುತ್ತಿದ್ದೆ. ಕೈಯಲ್ಲಿ ಸಟ್ಟುಗ ಹಿಡಿದೇ "ತಡಿ, ನಾನೂ ಬರ್ತೇನೆ" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಂದ ಬಂತು.

ಅವನು ನನ್ನ ಮುಖ ನೋಡಿದ. "ನಾನೊಬ್ಬನೇ ಹೋಗ್ಲಾ ಅಮ್ಮ?"

ಹತ್ತು ವರ್ಷದ ಹುಡುಗ. ಮೇಲಿನಮನೆ ಅರ್ಧ ಕಿಲೋಮೀಟರ್ ಇರಬಹುದು. ಬೇಲಿ ಬಾಗಿಲಿನ ದಣಪೆ ದಾಟಿ, ತೋಟದ ಧರೆ ಬದಿಗೆ ನಡೆದು, ಹಳ್ಳ ದಾಟಿ, ಸೊಪ್ಪಿನ ಬೆಟ್ಟದ ದಾರಿ ಹತ್ತಿದರೆ ಮುಗಿಯಿತು. ನಾನು ಆ ದಾರಿಯಲ್ಲಿ ಎಷ್ಟು ಸಾವಿರ ಸಲ ಓಡಿದ್ದೇನೋ. ಆದರೂ ನನ್ನ ತಲೆಯಲ್ಲಿ ಒಂದೇ ಕ್ಷಣಕ್ಕೆ ಹಳ್ಳದ ನೀರು, ಹಾವು, ಜಾರುವ ಕಲ್ಲು, ಬಿದ್ದ ವಿದ್ಯುತ್ ತಂತಿ ಎಲ್ಲ ಬಂದವು.

"ಹೋಗ್ಲಿ ಬಿಡೇ ತಂಗಿ, ಎಂತದೂ ಆಗ್ತಿಲ್ಲೆ" ಅಂದಳು ಆಯಿ.

ಕೈಗೆ ವಾಚ್ ಕಟ್ಟಿ ಕಳಿಸಿದೆ. ಏಪ್ರಿಲ್‌ನಲ್ಲಿ ತೆಗೆದುಕೊಂಡ ವಾಚ್ ಅದು. ಒಳಗೆ ಸಿಮ್ ಇದೆ. ಶಿರಸಿಯಲ್ಲಿ ಅವನು ಶಾಲೆಯಿಂದ ಟ್ಯೂಷನ್‌ಗೆ ನಡೆದರೆ ನನ್ನ ಮೊಬೈಲಿನಲ್ಲಿ ನೀಲಿ ಚುಕ್ಕೆಯೂ ನಡೆಯುತ್ತದೆ. ಆಫೀಸಿನಲ್ಲಿ ಕೂತು ಆ ಚುಕ್ಕೆ ನೋಡುತ್ತಾ ನೋಡುತ್ತಾ ನನಗೆ ಅಭ್ಯಾಸ ಆಗಿಹೋಗಿದೆ. ಊರಲ್ಲಿ ತುಳಸಿ ಕಟ್ಟೆ ಹತ್ತಿರ ಒಂದು ಕಡ್ಡಿ ನೆಟ್‌ವರ್ಕ್ ಬರುತ್ತದೆ. ದಣಪೆ ದಾಟಿದ ಕೂಡಲೇ ಅದೂ ಹೋಗುತ್ತದೆ. ಚುಕ್ಕೆ ನಮ್ಮ ಅಂಗಳದಲ್ಲೇ ನಿಂತಿತು. ಮಾಣಿ ಮಾತ್ರ ಅಂಗಳದಲ್ಲಿ ಇರಲಿಲ್ಲ.

---

ಅವನ ವಯಸ್ಸಿನಲ್ಲಿ ನಾನು ಹೇಗಿದ್ದೆ ಅಂತ ಅವನಿಗೆ ಹೇಳಿದರೆ ಕಥೆ ಅಂದುಕೊಳ್ಳುತ್ತಾನೆ. 1992-93 ಇರಬೇಕು. ಶಾಲೆಗೆ ಮೂರು ಕಿಲೋಮೀಟರ್. ಬೆಳಿಗ್ಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೊರಟರೆ ಮನೆಗೆ ಬರುವ ಹೊತ್ತು ಇಂಥದ್ದೇ ಅಂತ ಇರಲಿಲ್ಲ. ದೀಪ ಹಚ್ಚುವುದರೊಳಗೆ ಬಂದರೆ ಆಯಿತು. ಊರಿಗೆಲ್ಲ ಒಂದು ಫೋನು, ಅದೂ ಪೋಸ್ಟ್ ಆಫೀಸಿನಲ್ಲಿ. ಮಳೆಗಾಲದಲ್ಲಿ ಅದು ಸತ್ತೇ ಇರುತ್ತಿತ್ತು.

ಹಳ್ಳಕ್ಕೆ ಆಗ ಸಂಕ. ಎರಡು ಅಡಿಕೆ ಮರ ಜೋಡಿಸಿ, ಮೇಲೆ ಅಡ್ಡ ದಬ್ಬೆ ಬಡಿದು, ಒಂದು ಬದಿಗೆ ಮಾತ್ರ ಕೈಹಿಡಿಗೆ ಬಿದಿರು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಊರಿನವರೇ ಸೇರಿ ಹೊಸದಾಗಿ ಹಾಕುತ್ತಿದ್ದರು. ಆಷಾಢ ಬರುವಷ್ಟರಲ್ಲಿ ಮೇಲೆಲ್ಲ ಹಾವಸೆ (ಪಾಚಿ) ಕಟ್ಟುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಕಾಲ್ಬೆರಳಿನಿಂದ ದಬ್ಬೆ ಕಚ್ಚಿ ಹಿಡಿದು ದಾಟಬೇಕು. ಕೆಳಗೆ ಕೆಂಪು ನೀರು. ನೀರನ್ನು ನೋಡಿದರೆ ಸಂಕವೇ ಮೇಲಕ್ಕೆ ಓಡಿದ ಹಾಗೆ ತಲೆ ತಿರುಗುತ್ತದೆ. ಹಾಗಾಗಿ ಆಚೆ ದಡದ ಹೊಳೆದಾಸವಾಳದ ಮರ ನೋಡುತ್ತಾ ನಡೆಯಬೇಕು ಅಂತ ದೊಡ್ಡ ಮಕ್ಕಳು ಹೇಳಿಕೊಟ್ಟಿದ್ದರು.

ಸಂಕದ ಮೇಲಿಂದ ಅಡಿಕೆ ಹಾಳೆಯ ದೋಣಿ ಬಿಡುವುದು ನಮ್ಮ ದೊಡ್ಡ ಕೆಲಸ. ಒಣ ಹಾಳೆ ಬಾಗುವುದಿಲ್ಲ, ಮುರಿಯುತ್ತದೆ. ಅದನ್ನು ಮೊದಲು ನೀರಲ್ಲಿ ನೆನೆಸಿ ಇಡಬೇಕು. ಮೆತ್ತಗಾದ ಮೇಲೆ ಎರಡೂ ತುದಿ ಮಡಚಿ ತೆಂಗಿನ ಕಡ್ಡಿ ಚುಚ್ಚಿದರೆ ದೋಣಿ. ನಮ್ಮ ಹಳ್ಳ ಅಘನಾಶಿನಿಗೆ ಸೇರುತ್ತದೆ, ಅಘನಾಶಿನಿ ತದಡಿ ಹತ್ತಿರ ಸಮುದ್ರಕ್ಕೆ ಸೇರುತ್ತದೆ ಅಂತ ಮಾಸ್ತರು ಹೇಳಿದ್ದರು. ಹಾಗಾದರೆ ನಮ್ಮ ದೋಣಿಯೂ ತದಡಿಗೆ ಹೋಗಿ ಮುಟ್ಟಬೇಕಲ್ವಾ? ನಡುವೆ ಉಂಚಳ್ಳಿ ಜಲಪಾತ ಇದೆ, 116 ಮೀಟರ್ ಕೆಳಗೆ ಬೀಳಬೇಕು ಅಂತ ಯಾರೋ ಹೇಳಿದಾಗ ನಾನು ಅತ್ತಿದ್ದೆ. ಹಾಳೆ ಹಗುರ, ಏನೂ ಆಗುವುದಿಲ್ಲ ಅಂತ ಹೊಸಮನೆ ಭಾವ ಸಮಾಧಾನ ಮಾಡಿದ. ಅವನಿಗಾಗ ಹನ್ನೆರಡು ವರ್ಷ. ಈಗ ಬೆಂಗಳೂರಲ್ಲಿ ಇದ್ದಾನೆ. ಮನೆಗೆ ಬೀಗ.

ಹೋದ ವರ್ಷ ಮಾಣಿಯ ಶಾಲೆಯಲ್ಲಿ ಸಮುದ್ರ ನೋಡಲು ಕರೆದುಕೊಂಡು ಹೋಗುವ ವಿಚಾರ ಇತ್ತು. ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ವಿದ್ಯಾರ್ಥಿನಿಯರು ಮುಳುಗಿ ಹೋದ ಮೇಲೆ ಎಲ್ಲರಿಗೂ ಹೆದರಿಕೆ. ಕೊನೆಗೆ ನಮ್ಮಿಂದ ಸಹಿ ತೆಗೆದುಕೊಂಡು, ನೀರಿಗೆ ಇಳಿಸುವುದಿಲ್ಲ ಅಂತ ಬರೆದುಕೊಟ್ಟು ಕರೆದುಕೊಂಡು ಹೋದರು. ಮಾಣಿ ಸಮುದ್ರ ನೋಡಿ ಬಂದ. ಬೂಟು ಒಣಗಿಯೇ ಇತ್ತು. ಶಾಲೆಯವರು ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಆ ನಾಲ್ಕು ಹೆಣ್ಣುಮಕ್ಕಳ ತಾಯಂದಿರನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಆದರೆ ಆ ಒಣಗಿದ ಬೂಟು ತೆಗೆದಿಡುವಾಗ ಬೇಜಾರಾದದ್ದೂ ನಿಜ.

---

ದೋಸೆ ಮುಗಿಯಿತು. ಮಾಣಿ ಬರಲಿಲ್ಲ. ಇಪ್ಪತ್ತು ನಿಮಿಷ ಆಗಿತ್ತು. ನಾನು ಮೂರು ಸಲ ಜಗಲಿಗೆ ಹೋಗಿ ಬಂದೆ. ಆಯಿ ಮೆಟ್ಟುಗತ್ತಿಯ ಮೇಲೆ ಕೂತು ಕೆಸುವಿನ ಸೊಪ್ಪು ಹೆಚ್ಚುತ್ತಿದ್ದಳು. ನನಗೆ ಸಿಟ್ಟು ಬಂತು. ನನ್ನನ್ನು ಒಂದನೇ ಕ್ಲಾಸಿಂದ ಆ ಹಾವಸೆ ಹಿಡಿದ ಸಂಕದ ಮೇಲೆ ಕಳಿಸುತ್ತಿದ್ದೆಯಲ್ಲ, ನಿನಗೆ ಒಂದು ದಿನವೂ ಏನೂ ಅನ್ನಿಸಲಿಲ್ಲವಾ ಅಂತ ಕೇಳಿಬಿಟ್ಟೆ.

ಆಯಿ ಹೆಚ್ಚುವುದನ್ನು ನಿಲ್ಲಿಸಿದಳು.

"ಎಂಗೆ ಹೆದ್ರಿಕೆ ಇತ್ತಿಲ್ಲೆ ಅಂದ್ಕಂಡ್ಯಾ?"

ಆಮೇಲೆ ಹೇಳಿದ್ದನ್ನು ನಾನು ನಲವತ್ತೆರಡು ವರ್ಷದಲ್ಲಿ ಇವತ್ತೇ ಕೇಳಿದ್ದು. ನಾವು ಮನೆ ಬಿಟ್ಟ ಮೇಲೆ ಆಯಿ ದಣಪೆ ಹತ್ತಿರ ಬಂದು ನಿಲ್ಲುತ್ತಿದ್ದಳಂತೆ. ನಾವು ಸಂಕ ದಾಟಿದ್ದು ಹೊಳೆಬದಿ ಮನೆ ಅತ್ತೆಗೆ ಅವರ ಕೊಟ್ಟಿಗೆಯಿಂದ ಕಾಣುತ್ತದೆ. ದಾಟಿದ ಕೂಡಲೇ ಅವರು ಒಂದು ಕೂ ಹಾಕುತ್ತಿದ್ದರು. ಆಯಿ ತಿರುಗಿ ಕೂ ಹಾಕಿ ಒಳಗೆ ಹೋಗುತ್ತಿದ್ದಳು. "ಆ ಕೂ ಕೇಳಿದ ಮೇಲೇ ಎನ್ನ ಕೈ ಕೆಲ್ಸಕ್ಕೆ ಹೋಗ್ತಿತ್ತು." ಮುಂದೆ ಮೇಲಿನಮನೆ, ಅದರ ಮುಂದೆ ಹೊಸಮನೆ, ಆಮೇಲೆ ಗೌಡರ ಕೇರಿ. ಸಂಜೆ ಬರುವಾಗ ಆ ಕಡೆಯಿಂದ ಈ ಕಡೆಗೆ.

ಆ ಕೂ ನನಗೆ ನೆನಪಿದೆ! ಚೆನ್ನಾಗಿ ನೆನಪಿದೆ. ಮಳೆಯ ಶಬ್ದದ ನಡುವೆ ಉದ್ದಕ್ಕೆ ಎಳೆದು ಕೊನೆಗೆ ಮೇಲಕ್ಕೆ ಹೋಗುವ ಕೂ. ಆಳುಗಳನ್ನು ಊಟಕ್ಕೆ ಕರೆಯುತ್ತಾರೆ ಅಂದುಕೊಂಡಿದ್ದೆ. ದನ ಕರೆಯುತ್ತಾರೆ ಅಂದುಕೊಂಡಿದ್ದೆ. ಅದು ನಮ್ಮ ಬಗ್ಗೆ ಅಂತ ಗೊತ್ತೇ ಇರಲಿಲ್ಲ.

ನಮ್ಮ ಮನೆಯಿಂದ ಶಾಲೆಯವರೆಗೆ ಹನ್ನೊಂದು ಮನೆ ಅಂತ ಆಯಿ ಬೆರಳು ಮಡಚಿ ಲೆಕ್ಕ ಹಾಕಿದಳು. ಈಗ ಒಲೆ ಹೊತ್ತುವುದು ನಾಲ್ಕರಲ್ಲಿ. ಹೊಳೆಬದಿ ಅತ್ತೆ ಹೋಗಿ ಒಂಬತ್ತು ವರ್ಷ. ಮಗ ತೋಟ ಗೇಣಿಗೆ ಕೊಟ್ಟಿದ್ದಾನೆ, ಕೊಟ್ಟಿಗೆ ಮಾಡು ಕುಸಿದಿದೆ. ಶಾಲೆ ಮುಚ್ಚಿ ಆರು ವರ್ಷ.

ಸಂಕದ ಜಾಗದಲ್ಲಿ ಕಾಂಕ್ರೀಟ್ ಕಾಲುಸೇತುವೆ ಇದೆ, ಎರಡೂ ಬದಿಗೆ ಕಬ್ಬಿಣದ ಕಟಕಟೆ. 2014ರ ಮಳೆಗಾಲದಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಶಾಲೆಯ ಹುಡುಗಿಯೊಬ್ಬಳು ಸಂಕದಿಂದ ಬಿದ್ದು ಹಳ್ಳದ ಪಾಲಾದಳು. ಅದಾದ ಮೇಲೆ ಸರ್ಕಾರಕ್ಕೆ ಕಣ್ಣು ಬಂತು, ಶಾಲಾ ಸಂಪರ್ಕ ಸೇತು ಅಂತ ಯೋಜನೆ ಬಂತು. ಬರಲೇಬೇಕಿತ್ತು. ಇನ್ನೂ ಮೊದಲೇ ಬರಬೇಕಿತ್ತು. ನಮ್ಮ ಶಾಲೆಯಲ್ಲೂ ಒಬ್ಬ ಇದ್ದ. ನನಗಿಂತ ಎರಡು ಕ್ಲಾಸು ಮುಂದೆ. ಅವನ ಸ್ಲೇಟು ಮಾತ್ರ ಕೆಳಗಿನ ಗುಂಡಿಯಲ್ಲಿ ಮೊದಲು ಸಿಕ್ಕಿತ್ತು. ಬಾಲ್ಯ ಅಂದ ಕೂಡಲೇ ಹಾಳೆ ದೋಣಿ ನೆನಪಾಗುತ್ತದೆ, ಆ ಸ್ಲೇಟು ನೆನಪಾಗುವುದಿಲ್ಲ. ಇವತ್ತು ಆಯಿ ಅವನ ಹೆಸರು ತೆಗೆದಳು. ಅವತ್ತು ಹೊಳೆಬದಿ ಅತ್ತೆ ಬಾಣಂತನಕ್ಕೆ ಅಂತ ಮಗಳ ಮನೆಗೆ ಹೋಗಿದ್ದರಂತೆ. ಕೊನೆಯವರೆಗೂ ಅವರಿಗೆ ಅದೇ ಕೊರಗು.

ನಾನು ದಣಪೆಗೆ ಓಡಿದೆ.

---

ಕೂ ಹಾಕಿ ಎಷ್ಟು ವರ್ಷ ಆಗಿತ್ತೋ. ಮೊದಲ ಸಲ ದನಿಯೇ ಬರಲಿಲ್ಲ, ಗಂಟಲು ಒಡೆಯಿತು. ಎರಡನೇ ಸಲ ಬಂತು. ಕಾದೆ. ಮಳೆ ಬಿದಿರಿನ ಹಿಂಡಿನ ಮೇಲೆ ಸುರಿಯುವ ಶಬ್ದ ಬಿಟ್ಟರೆ ಏನೂ ಇಲ್ಲ. ಮತ್ತೆ ಹಾಕಿದೆ. ಉತ್ತರ ಇಲ್ಲ. ಕೊಡೆ ಅಲ್ಲೇ ಬಿಟ್ಟು ತೋಟದ ಬದಿಗೆ ಓಡಿದೆ.

ಸೇತುವೆಯ ಮೇಲೆ ಕೂತಿದ್ದ. ಕಟಕಟೆಯ ಸಂದಿಯಿಂದ ಎರಡೂ ಕಾಲು ಕೆಳಗೆ ಇಳಿಬಿಟ್ಟು, ಹೆಪ್ಪಿನ ಗಿಂಡಿಗೆ ಬಾಳೆ ಎಲೆ ಮುಚ್ಚಿ ಪಕ್ಕದಲ್ಲಿ ಇಟ್ಟುಕೊಂಡು, ನೀರಿಗೆ ಒಂದೊಂದೇ ಎಲೆ ಬಿಡುತ್ತಿದ್ದ. ಈ ಬದಿಗೆ ಬಿಟ್ಟು ಆ ಬದಿಗೆ ಓಡಿ ನೋಡುತ್ತಿದ್ದ ಅಂತ ಸೇತುವೆ ಮೇಲಿನ ಕೆಸರಿನ ಹೆಜ್ಜೆ ಹೇಳುತ್ತಿದ್ದವು. ಪಾದದ ಸಂದಿಯಲ್ಲಿ ಉಂಬಳ ದಪ್ಪ ಆಗಿ ನೇತಾಡುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ.

ಬೈದೆ. ಬೈಯಬಾರದಿತ್ತು. ಕರೆದರೆ ಓ ಅನ್ನೋಕ್ಕೆ ಆಗಲ್ವಾ ಅಂತ ಜೋರು ಮಾಡಿದೆ.

ಅವನು ಹೆದರಿ ಎದ್ದು ನಿಂತ. "ಕೇಳಿತು ಅಮ್ಮ. ಆದ್ರೆ ನನ್ನ ಹೆಸರು ಹೇಳ್ಲಿಲ್ವಲ್ಲ. ಬೇರೆ ಯಾರನ್ನೋ ಕರೀತಿದ್ದೀ ಅಂದ್ಕೊಂಡೆ."

ನನಗೆ ಮಾತು ಹೊರಡಲಿಲ್ಲ. ಕೂ ಕೇಳಿದರೆ ತಿರುಗಿ ಕೂ ಅನ್ನಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಹೇಳಿಕೊಟ್ಟಿಲ್ಲ. ಅವನಿಗೆ ಈಜು ಕ್ಲಾಸ್ ಇದೆ, ಅಬಾಕಸ್ ಇದೆ. ವಾಚಿನಲ್ಲಿ ಕೆಂಪು ಬಟನ್ ಮೂರು ಸೆಕೆಂಡ್ ಒತ್ತಿದರೆ ನನಗೆ ಫೋನ್ ಬರುತ್ತದೆ ಅಂತ ಹತ್ತು ಸಲ ಒತ್ತಿಸಿ ಅಭ್ಯಾಸ ಮಾಡಿಸಿದ್ದೇನೆ.

ಉಂಬಳ ತೆಗೆದು ಕಚ್ಚಿದ ಜಾಗಕ್ಕೆ ಎಲೆ ಅಂಟಿಸುತ್ತಾ ಕೂತೆ. ಆಗ ಮೇಲಿಂದ ಕೂ ಬಂತು. ಮೇಲಿನಮನೆ ದೊಡ್ಡಮ್ಮ! ತೆಳ್ಳಗಿನ ದನಿ, ನಡುವೆ ಒಂದು ಕಡೆ ಕಡಿದು ಮತ್ತೆ ಸೇರಿತು. ನಾನು ಉತ್ತರ ಕೊಡುವುದರೊಳಗೆ ನಮ್ಮ ಮನೆ ಕಡೆಯಿಂದ ಆಯಿ ಕೊಟ್ಟಳು. ಆಯಿಯ ದನಿ ಇನ್ನೂ ಗಟ್ಟಿ ಇದೆ. ಮಾಣಿ ಇಬ್ಬರ ಕಡೆಗೂ ತಿರುಗಿ ತಿರುಗಿ ನೋಡಿದ. ಆಮೇಲೆ ಅವನೂ ಒಂದು ಕೂ ಹಾಕಿದ. ದಾರಿಯುದ್ದಕ್ಕೂ ಹಾಕುತ್ತಲೇ ಬಂದ.

---

ಮಧ್ಯಾಹ್ನ ಊಟ, ಕೆಸುವಿನ ಕರಕಲಿ, ಅಪ್ಪಯ್ಯನ ಅಡಿಕೆ ದರದ ಮಾತು.

ತಮ್ಮ ಬೆಂಗಳೂರಿಂದ ಫೋನ್ ಮಾಡಿದ್ದ. ಹೋದ ವರ್ಷ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿ ಜಗಲಿಗೊಂದು, ಅಂಗಳಕ್ಕೊಂದು ಕ್ಯಾಮೆರಾ ಕೂರಿಸಿದವನು ಅವನೇ. ಆಯಿ, ಅಪ್ಪಯ್ಯ ಇಬ್ಬರೇ ಇರುತ್ತಾರಲ್ಲ, ಆಫೀಸಿನಲ್ಲಿ ಕೂತೇ ನೋಡಬಹುದು ಅಂತ. "ಅಕ್ಕ, ಬೆಳಿಗ್ಗೆ ನೀನು ಕೊಡೆ ಬಿಟ್ಟು ಓಡಿದ್ದು ಕಾಣಿಸ್ತು, ಎಂತಾತು?" ಅಂತ ಕೇಳಿದ. ಅವನಿಗೂ ಆ ಇಪ್ಪತ್ತು ನಿಮಿಷ ಎದೆ ಹೊಡೆದುಕೊಂಡಿದೆ, ಪಾಪ. ನಾನೂರು ಕಿಲೋಮೀಟರ್ ದೂರದಲ್ಲಿ ಕೂತು ಏನು ಮಾಡಿಯಾನು.

ಕ್ಯಾಮೆರಾ ಬಗ್ಗೆ ಆಯಿಗೆ ಸಿಟ್ಟಿಲ್ಲ. ಬೆಳಿಗ್ಗೆ ರಂಗೋಲಿ ಹಾಕಿ ಅದರ ಕಡೆ ಒಮ್ಮೆ ನೋಡುತ್ತಾಳೆ, ಮಗ ನೋಡುತ್ತಿರಬಹುದು ಅಂತ. "ಅದ್ಕೆ ಕಣ್ಣಿದ್ದು. ಓಡಿ ಬಪ್ಪಲೆ ಕಾಲಿಲ್ಲೆ" ಅಂದಳು ಅಷ್ಟೇ, ಬೇಜಾರಿಲ್ಲದೆ.

ಬಸ್ಸಿಗೆ ಹೊರಡುವಾಗ ಮತ್ತೊಂದು ಮಾತು ಹೇಳಿದಳು. ನಾನು ಚೀಲ ಕಟ್ಟುತ್ತಿದ್ದೆ, ಅರ್ಧ ಕೇಳಿಸಿಕೊಂಡೆ. ಆಯಿ ಮತ್ತು ಮೇಲಿನಮನೆ ದೊಡ್ಡಮ್ಮ ಈಗಲೂ ದಿನಾ ಎರಡು ಸಲ ಕೂ ಹಾಕಿಕೊಳ್ಳುತ್ತಾರಂತೆ. ಬೆಳಿಗ್ಗೆ ಹಾಲು ಕರೆದ ಮೇಲೆ ಒಂದು, ದೀಪ ಹಚ್ಚಿದ ಮೇಲೆ ಒಂದು. ಮಕ್ಕಳಿಲ್ಲದ ದಾರಿಯಲ್ಲಿ ಅವರಿಬ್ಬರೇ. ಮೊನ್ನೆ ಗಾಳಿ-ಮಳೆ ಜೋರಿದ್ದ ದಿನ ಸಂಜೆ ಮೇಲಿನಮನೆಯಿಂದ ಕೂ ಬರಲಿಲ್ಲ. ಮಳೆಯ ಶಬ್ದಕ್ಕೆ ಕೇಳಲಿಲ್ಲವೋ ಏನೋ ಅಂತ ಆಯಿ ಮೂರು ಸಲ ಹಾಕಿದಳಂತೆ. ಆಮೇಲೆ ಬ್ಯಾಟರಿ ಹಿಡಿದುಕೊಂಡು, ಅಪ್ಪಯ್ಯನಿಗೂ ಹೇಳದೆ, ಸೇತುವೆ ದಾಟಿ ಅರ್ಧ ಬೆಟ್ಟ ಹತ್ತಿದಳಂತೆ. ಎಪ್ಪತ್ತೊಂದು ವರ್ಷ ಅವಳಿಗೆ. ಅಲ್ಲಿಂದ ಮೇಲಿನಮನೆಯ ದೀಪ ಕಂಡಿತು, ವಾಪಸ್ ಬಂದಳು.

ಇವತ್ತು ನಾವು ಬಸ್ಸು ಹತ್ತಿದ ಮೇಲೆ ದೀಪ ಹಚ್ಚುವ ಹೊತ್ತಾಗಿತ್ತು. ಮಳೆ ಆಗಲೂ ಜೋರೇ ಇತ್ತು. ತಮ್ಮನಿಗೆ ಕೇಳಿದರೆ ಕ್ಯಾಮೆರಾದಲ್ಲಿ ಹಿಂದಕ್ಕೆ ಹೋಗಿ ನೋಡಿ ಹೇಳುತ್ತಾನೆ, ಆಯಿ ಸಂಜೆ ದಣಪೆ ಕಡೆ ಹೋದಳಾ, ಎಷ್ಟು ಹೊತ್ತಿಗೆ ವಾಪಸ್ ಬಂದಳು ಅಂತ. ಆದರೆ ಹನ್ನೊಂದು ಗಂಟೆ ಆಯಿತು, ಈಗ ಅವನಿಗೆ ಫೋನ್ ಮಾಡಿದರೆ ಗಾಬರಿ ಆಗುತ್ತಾನೆ. ಆಯಿಗೆ ಮಾಡಿದರೆ ಇನ್ನೂ ಗಾಬರಿ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮಾಡುತ್ತೇನೆ. ಮಾಣಿಯನ್ನೂ ಎಬ್ಬಿಸಿ…